ಕುರುಗೋಡು ಕಾಟಾದ ವೈರ್‌ಲೆಸ್ ಕಾರ್ಡ್

ತುಂಬಿದ ಲಾರಿ ಇಳಿಜಾರಿನಲ್ಲಿ ನಿಂತಿದ್ದರೆ, ಹಿಂದಕ್ಕೆ ಸರಿಯುವ ಮೊದಲು ಒಂದು ಗೇಣು ಮುಂದಕ್ಕೆ ಜಾರುತ್ತದೆ. ಬ್ರೇಕಿನಿಂದ ಕಾಲು ತೆಗೆದು ಗಿಯರ್ ಕಚ್ಚಿಕೊಳ್ಳುವ ಆ ಒಂದು ಗಳಿಗೆಯಲ್ಲಿ. ಇದು ಗೊತ್ತಿಲ್ಲದವರು ಪುಣ್ಯವಂತರು. ನನಗೆ ಗೊತ್ತು. ಹಾಗಾಗಿ ನಿಂತ ಲಾರಿಯ ಮೂತಿಯ ಮುಂದೆ ಯಾರಾದರೂ ನಡೆದುಹೋಗುತ್ತಿದ್ದರೆ ಇವತ್ತಿಗೂ ನಾನು ರಸ್ತೆಯ ಈಚೆಯಿಂದ ಕೂಗಿಬಿಡುತ್ತೇನೆ. ಅವರು ತಿರುಗಿ ನೋಡಿ ಬೈಯುತ್ತಾರೆ. ಬೈಯಲಿ.

ಗಣಿಯ ಅಬ್ಬರ ನೆತ್ತಿಗೇರಿದ್ದ ಕಾಲ. ಬಿ.ಎಸ್ಸಿ. ಮುಗಿಸಿದ್ದ ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕಿದ್ದೆ. ಮನೆ ಸಿರುಗುಪ್ಪದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನ ಕಿಟಕಿಯಂಚಿಗೆ ಕೈಯಿಟ್ಟರೆ ಅಂಗಿಯ ತೋಳು ಕೆಂಪಾಗುತ್ತಿತ್ತು. ಅದಿರಿನ ಲಾರಿಗಳು ದೊಡ್ಡ ರಸ್ತೆಯಲ್ಲಿ ಹಿಡಿಸದೆ ಕುರುಗೋಡಿನ ಕಡೆಯ ದಾರಿಗಳಿಗೂ ನುಗ್ಗಿದ್ದವು. ಅಲ್ಲೊಂದು ಕಾಟಾ ಇತ್ತು, ಲಾರಿಗಳನ್ನು ನಿಲ್ಲಿಸಿ ತೂಗುವ ಕಬ್ಬಿಣದ ಕಟ್ಟೆ. ಮೊದಲು ಭತ್ತದ ಲಾರಿಗಳಿಗೆಂದು ಕಟ್ಟಿಸಿದ್ದು. ಆಮೇಲೆ ಅದಿರೇ ಹೆಚ್ಚಾಯಿತು.

ಆ ಕಾಟಾದ ವಿನ್ಯಾಸವೇ ಒಂದು ಅವಿವೇಕ. ತೂಗುವ ಕಟ್ಟೆ ಮತ್ತು ತೂಕ ನೋಡುವ ಸಣ್ಣ ಕೋಣೆ ರಸ್ತೆಯ ಈಚೆ. ಮಾಲೀಕನ ಆಫೀಸು, ಅವನ ಏರ್ ಕೂಲರ್, ಬಿಲ್ಲು ಹೊಡೆಯುವ ಪ್ರಿಂಟರ್, ಸಿಕ್ಕಾ ಎಲ್ಲವೂ ರಸ್ತೆಯ ಆಚೆ. ಈಚೆ ತೂಕವಾಗಬೇಕು, ಆ ಅಂಕಿ ರಸ್ತೆ ದಾಟಬೇಕು, ಆಚೆ ಬಿಲ್ಲಾಗಬೇಕು. ಆಚೆಗೆ ಎಳೆದಿದ್ದ ಕೇಬಲ್ಲನ್ನು ಸಿರುಗುಪ್ಪ ಕಡೆಯಿಂದ ಭತ್ತದ ಹುಲ್ಲು ಹೇರಿಕೊಂಡು ಬರುವ ಲಾರಿಗಳು ಎರಡು ಸಲ ಹರಿದುಕೊಂಡು ಹೋಗಿದ್ದವು. ಹುಲ್ಲಿನ ಲಾರಿ ಎಂದರೆ ನಡೆಯುವ ಬಣವೆ. ಅದರ ಎತ್ತರಕ್ಕೆ ಮಿತಿಯಿಲ್ಲ. ಹೀಗಾಗಿ ಅಂಕಿಯನ್ನು ಚೀಟಿಯಲ್ಲಿ ಬರೆದು ಒಬ್ಬ ಹೆಂಗಸಿನ ಕೈಲಿ ಕಳಿಸುತ್ತಿದ್ದರು.

ಅವಳ ನಿಜವಾದ ಕೆಲಸ ಕಟ್ಟೆಯ ಮೇಲೆ ಚೆಲ್ಲಿದ ಅದಿರನ್ನು ಗುಡಿಸುವುದು. ಗುಡಿಸದಿದ್ದರೆ ಮುಂದಿನ ಲಾರಿಯ ತೂಕ ತಪ್ಪುತ್ತದೆ. ನಲವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎಂದೆ. ಆ ಲಾರಿಗಳನ್ನು ಕಟ್ಟೆಯ ಮೇಲೆ ಯಾರೂ ಬಂದ್ ಮಾಡುತ್ತಿರಲಿಲ್ಲ. ಅರ್ಧಕ್ಕರ್ಧ ಗಾಡಿಗಳ ಬ್ಯಾಟರಿ ಸತ್ತಿರುತ್ತಿತ್ತು, ಒಮ್ಮೆ ನಿಂತರೆ ತಳ್ಳಬೇಕು. ಗುರುಗುಡುತ್ತಿರುವ ಲಾರಿಯ ಮುಂದೆಯೇ ಅಕ್ಕ ದಾಟಬೇಕು. ಅವಳು ಕಂಡುಕೊಂಡಿದ್ದ ದಾರಿ ಇದು: ಪೊರಕೆಯ ಹಿಡಿಯಿಂದ ಲಾರಿಯ ಬಂಪರಿಗೆ ಎರಡು ಸಲ ಬಡಿಯುವುದು. ಒಳಗಿನವನು ಒಂದು ಸಣ್ಣ ಹಾರ್ನ್ ಹೊಡೆಯಬೇಕು. ಹಾರ್ನ್ ಕೇಳಿಸಿದ ಮೇಲೆಯೇ ಅವಳು ಹೆಜ್ಜೆ ಕೀಳುತ್ತಿದ್ದಳು. ಕನ್ನಡ, ತೆಲುಗು, ಉರ್ದು ಯಾವ ಮಾತಿನವನೇ ಬರಲಿ, ಈ ಲೆಕ್ಕ ಎಲ್ಲರಿಗೂ ತಿಳಿದಿತ್ತು.

ಮಾಲೀಕನಿಗೆ ಇದರಲ್ಲಿ ಹೊತ್ತು ಹಾಳಾಗುವುದಷ್ಟೇ ಕಂಡಿತು. ಎರಡೂ ಕಡೆಯ ಕಂಪ್ಯೂಟರಿಗೆ ವೈರ್‌ಲೆಸ್ ಕಾರ್ಡ್ ಹಾಕಿ, ಅಂಕಿ ಗಾಳಿಯಲ್ಲೇ ಹೋಗಲಿ ಎಂದು ನಮ್ಮ ಅಂಗಡಿಗೆ ಹೇಳಿದ. ಆಚೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು. ಈಚೆ ಕೋಣೆಯದಕ್ಕೆ ಮಾತ್ರ, ಪುಕ್ಕಟೆ ಸಿಗುತ್ತದೆಂದು, ವಿಂಡೋಸ್ ಬದಲು ನಮ್ಮಂಗಡಿಯವರೇ ಲಿನಕ್ಸ್ ಹಾಕಿಕೊಟ್ಟಿದ್ದರು. ನನ್ನನ್ನು ಕಳಿಸಿದರು.

ತೂಕದ ಕೋಣೆಯಲ್ಲಿ ಕೂರುತ್ತಿದ್ದವರು ವಯಸ್ಸಾದ ಒಬ್ಬ ಚಾಚಾ. ಹನ್ನೆರಡು ವರ್ಷದಿಂದ ಅದೇ ಸ್ಟೂಲು. ನಾನು ಕಾರ್ಡ್ ಸಿಕ್ಕಿಸಿ, ಕೀಲಿಮಣೆಯ ಮೇಲಿನ ಕೆಂಪು ಧೂಳು ಊದಿ ಕೂತೆ. ಕಂಪ್ಯೂಟರ್ ಕಾರ್ಡನ್ನು ಗುರುತಿಸಿತು, ಎಬ್ಬಿಸಲಿಲ್ಲ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತು ಮಾತಾಡಿಸುವ ಒಂದು ಸಣ್ಣ ತಂತ್ರಾಂಶ ಬೇಕು. ಅದಕ್ಕೇ ಡ್ರೈವರ್ ಎನ್ನುವುದು. ಕಾರ್ಡ್ ಮಾಡಿದ ಕಂಪನಿ ಅದನ್ನು ವಿಂಡೋಸ್‌ಗೆ ಮಾತ್ರ ಕೊಟ್ಟಿತ್ತು. ಲಿನಕ್ಸಿನವರಿಗೆ ಕೊಡುವುದಿರಲಿ, ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲೂ ಇಲ್ಲ. ಬಾವಿ ಎಲ್ಲರ ಕೈಲೂ ತೋಡಿಸಿ ಹಗ್ಗವನ್ನು ಒಂದೇ ಓಣಿಯವರಿಗೆ ಕೊಟ್ಟ ಹಾಗೆ. ಜಗತ್ತಿನ ಯಾವುದೋ ಮೂಲೆಯ ಯಾರೋ ಪುಣ್ಯಾತ್ಮರು ಊಹೆ ಮಾಡಿ ಮಾಡಿ ಬರೆದಿಟ್ಟ ಕಡತಗಳೇ ನಮಗೆ ಗತಿ. ಪರದೆಯ ಮೇಲೆ ಒಂದು ಸಾಲು ಮೂಡಿತು: ಬೇಕಾದ ಕಡತ ಸಿಗಲಿಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿ.

ನಾನು ಓದಿ ಹೇಳಿದಾಗ ಚಾಚಾ ನಕ್ಕರು.

"ಅಂದ್ರ, ನೆಟ್ ಬರಬೇಕಂದ್ರ ನೆಟ್ ಬೇಕು?"

"ಹೂಂ ಚಾಚಾ."

"ಪುಕ್ಕಟೆ ಸಿಕ್ರ ನನಗೂ ಇರಲಿ, ನಮ್ಮಪ್ಪಗೂ ಇರಲಿ ಅಂತ ತಂದೀರಿ. ಈಗ ಅನುಭವಸ್ರಿ ಎಂಜಿನಿಯರ್ ಸಾಹೇಬ್ರ."

ಬಾಗಿಲ ಬಳಿ ಪೊರಕೆ ಕುಟ್ಟುತ್ತಿದ್ದ ಅಕ್ಕ ಇಣುಕಿ ನೋಡಿದಳು. "ಏನ್ರಿ ಸರ, ನಿಮ್ಮ ಡಬ್ಬಿ ಮಾತಾಡವಲ್ದೇನು?"

"ಆ ಡಬ್ಬಿ ಮಾತಾಡಿದ್ರ ನಿನ್ನ ಚೀಟಿ ಕೆಲಸ ಹೋತು ನೋಡವ್ವ," ಎಂದರು ಚಾಚಾ.

"ಹೋಗ್ಲಿ ಬಿಡು ಚಾಚಾ. ಕಸಾನೂ ಹೊಡೀತೈತೇನು ಕೇಳು, ನಾ ಮನ್ಯಾಗ ಮಕ್ಕೋತೀನಿ."

ಕಡತಕ್ಕಾಗಿ ಬಳ್ಳಾರಿಗೆ ಹೋಗಬೇಕು. ಮುಕ್ಕಾಲು ಗಂಟೆಯ ದಾರಿ, ಲಾರಿಗಳ ಸಾಲಿನಲ್ಲಿ ಸಿಕ್ಕರೆ ಎರಡೂವರೆ ಗಂಟೆ. ಮೋತಿ ವೃತ್ತದ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು ಇಳಿಸುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಮರುದಿನ ಕುರುಗೋಡಿಗೆ ಹೋದರೆ ಆ ಕಡತ ಹೊಂದಲಿಲ್ಲ. ಕಾರ್ಡನ್ನು ಹೊರತೆಗೆದು, ಚಾಚಾ ಅವರ ಓದುವ ಕನ್ನಡಕವನ್ನು ಭೂತಗನ್ನಡಿಯ ಹಾಗೆ ಹಿಡಿದು ಚಿಪ್ಪಿನ ಮೇಲಿನ ನಂಬರು ನೋಡಿದೆ. ಡಬ್ಬಿಯ ಮೇಲೆ ಒಂದು ಹೆಸರು, ಒಳಗೆ ಬೇರೆ ಚಿಪ್ಪು. ಹೆಸರು ಬದಲಿಸದೆ ಹೊಟ್ಟೆ ಬದಲಿಸಿ ಮಾರಿದ್ದರು. ಎಷ್ಟು ಸಿಟ್ಟು ಬಂತೆಂದರೆ ಕೋಣೆಯ ಗೋಡೆಗೆ ಗುದ್ದಿದೆ. ಕೈ ಕೆಂಪಾಯಿತು, ರಕ್ತವಲ್ಲ, ಧೂಳು.

ಹೀಗೆ ಎರಡು ವಾರ. ನಾನು ಹೋಗುವುದು, ಬರುವುದು. ಅಕ್ಕ ಬಡಿಯುವುದು, ದಾಟುವುದು. ಅವಳು ದಾಟುವುದನ್ನು ಕೋಣೆಯ ಕಿಟಕಿಯಿಂದ ದಿನಕ್ಕೆ ಎಷ್ಟೋ ಸಲ ನೋಡಿದೆ. ಪ್ರಿಂಟರ್ ಯಾಕೆ ಆಚೆಯೇ ಇರಬೇಕು ಎಂಬ ಪ್ರಶ್ನೆ ಒಮ್ಮೆಯೂ ತಲೆಗೆ ಹೊಳೆಯಲಿಲ್ಲ. ನನ್ನ ತಲೆಯ ತುಂಬ ಆ ಕಾರ್ಡೇ ಇತ್ತು. ಅದನ್ನು ಎಬ್ಬಿಸಿದರೆ ಅಕ್ಕನ ಕಾಲಿಗೂ ಬಿಡುವು ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕೊನೆಗೆ ವಿಂಡೋಸ್‌ನ ಡ್ರೈವರನ್ನೇ ಲಿನಕ್ಸಿನೊಳಗೆ ವೇಷ ಹಾಕಿಸಿ ಓಡಿಸುವ ಒಂದು ಉಪಾಯ ಸಿಕ್ಕಿತು. ಅದನ್ನು ಅಲ್ಲೇ ಕಟ್ಟಿ ಕೂರಿಸಬೇಕು. ಅದಕ್ಕೆ ಬೇಕಾದ ಸಾಮಾನೆಲ್ಲ ಪೆನ್‌ಡ್ರೈವಿನಲ್ಲಿ ಹೊತ್ತು ತಂದೆ. ಮಧ್ಯಾಹ್ನದ ಹೊತ್ತು ಕಾರ್ಡಿನ ಬೆನ್ನಿನ ಸಣ್ಣ ದೀಪ ಮಿಣುಕಿತು. ನಾನು ಸ್ಟೂಲಿನಿಂದ ಎದ್ದುನಿಂತೆ. ಲಾರಿಯವರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು, ಕಟ್ಟೆ ಖಾಲಿಯಿತ್ತು. ಈಚೆಯಿಂದ ಇಪ್ಪತ್ತು ಅಂಕಿ ಕಳಿಸಿದೆ, ಇಪ್ಪತ್ತೂ ಆಚೆ ತಲುಪಿದವು.

ಖಾಲಿ ಕಟ್ಟೆಯ ಮೇಲೆ ಪರೀಕ್ಷೆ ಮಾಡಿದೆ. ಎರಡು ಆಂಟೆನಾಗಳ ನಡುವೆ ಹತ್ತಾರು ಟನ್ ಕಬ್ಬಿಣದ ಅದಿರು ಬಂದು ನಿಲ್ಲುತ್ತದೆ ಎಂಬುದನ್ನು ವಿಜ್ಞಾನ ಓದಿದ ನಾನು ಮರೆತೆ. ಕಾಟಾದಲ್ಲಿ ಕೂತು, ಲಾರಿಯನ್ನು ಮರೆತೆ.

ಮಾಲೀಕ ಆಗಲೇ ಕಂಬಕ್ಕೊಂದು ಹಸಿರು ಬಲ್ಬು ಕಟ್ಟಿಸಿದ್ದ. ಅಂಕಿ ತನ್ನ ಪರದೆಗೆ ಬಂದ ಕೂಡಲೇ ಅವನು ಆಚೆಯಿಂದ ಸ್ವಿಚ್ ಒತ್ತುವುದು, ಬಲ್ಬು ಹತ್ತಿದರೆ ಲಾರಿ ಕಟ್ಟೆ ಇಳಿದು ಹೋಗಿ ಆಚೆ ಬಿಲ್ಲು ತಗೊಳ್ಳುವುದು. ಅವನೇ ಮರದ ಕೆಳಗೆ ಹೋಗಿ ಲಾರಿಯವರಿಗೆ ಹೇಳಿದ.

"ಹಸಿರು ಹತ್ತಿತಂದ್ರ ಹೋಗ್ರಿ. ಬಡಿಯೋದೂ ಬ್ಯಾಡ, ಹಾರ್ನೂ ಬ್ಯಾಡ. ನಿಂದೂ ಬಂದ್ ಮಾಡವ್ವ ಆ ಡೋಲು."

ಅಕ್ಕ ಪೊರಕೆ ಊರಿ ನಿಂತಿದ್ದಳು. "ನಾ ಬಡೀದಿದ್ರ, ನಾ ಮುಂದ ಅದೀನಿ ಅಂತ ಅವರಿಗೆ ಹೆಂಗ ತಿಳೀತೈತ್ರಿ?"

ಅದಕ್ಕೆ ಉತ್ತರ ಕೊಟ್ಟವನು ಮಾಲೀಕನಲ್ಲ, ನಾನು. "ನೀ ಮುಂದ ಇರೋದ ಇಲ್ಲಲ್ಲ ಅಕ್ಕ ಇನ್ಮ್ಯಾಲೆ," ಎಂದೆ. ನಗುತ್ತಾ ಅಂದೆ.

ಊಟ ಮುಗಿಸಿದ ಲಾರಿಗಳು ಸಾಲು ಹಿಡಿದವು. ಮೊದಲ ಮೂರು ಸುಸೂತ್ರವಾಗಿ ಹೋದವು. ನಾಲ್ಕನೆಯದು ನಿಂತಾಗ ಸಂಪರ್ಕ ಕಡಿಯಿತು, ತುಸು ಹೊತ್ತಿನ ಮೇಲೆ ತಾನಾಗಿಯೇ ಬಂತು, ತಡೆದಿದ್ದ ಅಂಕಿ ಆಗ ಹೋಯಿತು. ಆರನೆಯದಕ್ಕೂ ಹಾಗೇ ಆಯಿತು. ನಾನು ನೋಡಿದೆ. ಚಾಚಾಗೆ ಹೇಳಲಿಲ್ಲ. ಎರಡು ವಾರದ ಮೇಲೆ 'ಆಯ್ತು' ಅಂದವನಿಗೆ 'ಇನ್ನೂ ಆಗಿಲ್ಲ' ಅನ್ನಲು ಬಾಯಿ ಬರಲಿಲ್ಲ. ಒಳಗೊಳಗೇ ಸರಿಮಾಡಿಬಿಡೋಣ ಎಂದು ಏನೋ ಟೈಪು ಮಾಡುತ್ತಾ ಕೂತೆ.

ಮುಂದಿನದು ಆಂಧ್ರದ ಕಡೆಯ ಲಾರಿ. ಟಾರ್ಪಾಲು ಮೀರಿ ಅದಿರು ಉಬ್ಬಿತ್ತು. ಚಾಚಾ ತೂಕ ನೋಡಿ ಕೀಲಿ ಒತ್ತಿದರು. ಅಂಕಿ ಹೋಗಲಿಲ್ಲ. ಮತ್ತೊಮ್ಮೆ ಒತ್ತಿದರು. ಆಚೆಯಿಂದ ಮಾಲೀಕನ ಕೂಗು: "ಏನಾತ್ಲೇ? ನಿದ್ದಿ ಮಾಡ್ತೀಯೇನು?" ಚಾಚಾ ನನ್ನ ಮುಖ ನೋಡಿದರು. "ಒಂದ ನಿಮಿಷ," ಎಂದೆ. ಹಿಂದಿನ ಲಾರಿಗಳು ಹಾರ್ನ್ ಹಚ್ಚಿದವು. ಹನ್ನೆರಡು ವರ್ಷದ ಕೈ ಅದು. ಚೀಟಿ ಹರಿದು, ಅಂಕಿ ಬರೆದು, ಕಿಟಕಿಯಿಂದ ಅಕ್ಕನ ಕೈಗೆ ಕೊಟ್ಟೇಬಿಟ್ಟಿತು.

ಅಕ್ಕ ಕಟ್ಟೆಯ ಇಳಿಜಾರು ಇಳಿದು ಲಾರಿಯ ಮುಂದೆ ಬಂದಳು. ಬಂಪರಿನ ಹತ್ತಿರ ಪೊರಕೆ ಎತ್ತಿದಳು. ಬಡಿಯಲಿಲ್ಲ. ಬೇಡವೆಂದಿದ್ದರಲ್ಲ. ಇಳಿಸಿ, ಹೆಜ್ಜೆ ಹಾಕಿದಳು.

ಅದೇ ಗಳಿಗೆಗೆ ಪರದೆಯ ಮೇಲೆ ಸರಿ ಗುರುತು ಬಿತ್ತು. ಸಂಪರ್ಕ ಮರಳಿತ್ತು. ಅವಳ ಕೈಯಲ್ಲಿದ್ದ ಅಂಕಿ ಅವಳಿಗಿಂತ ಮೊದಲೇ ರಸ್ತೆ ದಾಟಿತ್ತು. ಆಚೆ ಮಾಲೀಕ ಸ್ವಿಚ್ ಒತ್ತಿದ. ಅವನ ಮೇಜಿನ ಪಕ್ಕದಲ್ಲೇ ಆಳೆತ್ತರದ ಕಿಟಕಿ ಇದೆ, ಅದರಿಂದ ಇಡೀ ಕಟ್ಟೆ ಕಾಣುತ್ತದೆ. ಅವನು ನೋಡಿದ್ದು ಪರದೆ. ಬಲ್ಬು ಹಸಿರಾಯಿತು. ಲಾರಿ ಅಲುಗಿತು. ಅಕ್ಕನ ತಲೆ ಲಾರಿಯ ಮೂತಿಯ ಕೆಳಗೆ ಇಳಿದದ್ದು ಕಾಣಿಸಿತು, ಆಮೇಲೆ ಕಾಣಿಸಲಿಲ್ಲ.

ನಾನು ಏನೆಂದು ಕೂಗಿದೆನೋ ತಿಳಿಯದು. ಹೊರಗೆ ಓಡಿಬಂದಾಗ ಲಾರಿ ನಿಂತಿತ್ತು. ಅಕ್ಕ ಅಂಗಾತ ಬಿದ್ದಿದ್ದಳು. ಎಡಗಡೆಯ ಮುಂದಿನ ಗಾಲಿ ಅವಳ ಸೀರೆಯ ಮೇಲೆ ಹತ್ತಿ ನಿಂತಿತ್ತು. ಚಕ್ರಕ್ಕೂ ಅವಳ ಸೊಂಟಕ್ಕೂ ನಡುವೆ ಒಂದು ಗೇಣು. ಏಳಲು ನೋಡಿದರೆ ಸೀರೆ ಜಗ್ಗುತ್ತಿತ್ತು. ಲಾರಿ ಇಳಿಜಾರಿನ ಮೇಲೆ, ಅವಳು ಇಳಿಜಾರಿನ ಕೆಳಗೆ.

ಲಾರಿಯವನು ಕಿಟಕಿಯಿಂದ ಬಗ್ಗಿ, "ರಿವರ್ಸ್ ತೀಸ್ತಾ, ರಿವರ್ಸ್ ತೀಸ್ತಾ," ಎಂದು ಗಿಯರಿಗೆ ಕೈ ಹಾಕಿದ. "ಹಾಂ, ಹಿಂದ ತಗಿ!" ಎಂದವನು ನಾನೇ.

ಚಾಚಾ ಎರಡೂ ಕೈ ಎತ್ತಿ ಲಾರಿಯ ಮುಂದೆ ಬಂದು ನಿಂತರು. "ಬ್ಯಾಡಲೇ! ವದ್ದು ರಾ! ಬ್ರೇಕ್ ಬಿಡಬ್ಯಾಡ! ಹಿಂದ ಬರಾಕಿಂತ ಮೊದ್ಲ ಒಂದು ಗೇಣು ಮುಂದ ಬರ್ತೈತಿ ಅದು!"

ಒಂದೇ ಗೇಣು ಇತ್ತು.

ಲಾರಿಯವನು ಗಿಯರಿನಿಂದ ಕೈ ತೆಗೆದು ಬ್ರೇಕನ್ನು ಒತ್ತಿ ಹಿಡಿದ. ಚಾಚಾ ಅದಿರಿನ ಹೆಂಟೆಗಳನ್ನು ಚಕ್ರದ ಕೆಳಗೆ ಒತ್ತತೊಡಗಿದರು. ಆಗ ಆಚೆಯಿಂದ ಮಾಲೀಕನ ದನಿ, ಈ ಕಿವಿಯಿಂದ ಇನ್ನೂ ಹೋಗಿಲ್ಲ: "ಲಗೂ ಗಾಡಿ ತಗೀರಿ! ಲೈನ್ ಎಲ್ಲಿಗೆ ಹೋಗೇತಿ ನೋಡ್ರಿ!"

ಕೇಬಲ್ ಕತ್ತರಿಸುವ ಕಟರ್ ನನ್ನ ಚೀಲದಲ್ಲಿತ್ತು. ತಂದು ಅವಳ ಪಕ್ಕ ಮಂಡಿಯೂರಿ ಸೀರೆಯನ್ನು ಕತ್ತರಿಸತೊಡಗಿದೆ. ತಂತಿಗೆಂದು ಮಾಡಿದ್ದು, ಬಟ್ಟೆಗೆ ಬರುವುದಿಲ್ಲ. ಕಚ್ಚಿ ಕಚ್ಚಿ ಹರಿಯಬೇಕು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಹರೀಬ್ಯಾಡ್ರಿ ಸರ! ನನ್ನ ತಂಗಿದೈತಿ, ಕೇಳಿ ಉಟ್ಕೊಂಡು ಬಂದೀನಿ!"

"ಸುಮ್ನಿರಲೇ ಹುಚ್ಚಿ," ಎಂದು ಚಾಚಾ ಅಳುತ್ತಲೇ ಬೈದರು. "ಜೀವ ಯಾರ್ದು ಕೇಳಿ ತಂದೀ?"

ಕೊನೆಯ ಎಳೆ ಹರಿದಾಗ ನಾವಿಬ್ಬರೂ ಅವಳ ರಟ್ಟೆ ಹಿಡಿದು ಎಳೆದೆವು. ಚಾಚಾ ತಮ್ಮ ಟವಲ್ಲು ಸುತ್ತಿದರು. ಮೊಣಕೈ ತರಚಿತ್ತು, ಬೇರೇನೂ ಇಲ್ಲ. ಚೀಟಿ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಲಾರಿಯವನು ಇಳಿದು ಬಂದು ಚಕ್ರಕ್ಕೆ ಒರಗಿ ಕೂತ. "ನನಗ ಹಸಿರು ಕಂಡಿತು ಅಣ್ಣಾ," ಎಂದ, ತನ್ನ ಮುರುಕು ಕನ್ನಡದಲ್ಲಿ. "ಆಯಮ್ಮ ಕಾಣಲಿಲ್ಲ. ಹಸಿರು ಕಂಡಿತು."

ಆಗ ಮಾಲೀಕ ರಸ್ತೆ ದಾಟಿ ಬಂದ. ಅವನು ದಾಟುವಾಗ ಎರಡೂ ಕಡೆಯ ಲಾರಿಗಳು ನಿಂತಿದ್ದವು.

"ನೋಡಿ ದಾಟಬೇಕಿಲ್ಲೇನವ್ವ? ದೀಪ ಹತ್ತಿತ್ತಲ್ಲ!" ಎಂದ. ಆಮೇಲೆ ನನ್ನ ಭುಜ ತಟ್ಟಿದ. "ನೀ ಅಂಜಬ್ಯಾಡ. ನಿನ್ನ ಲಿನಕ್ಸಿಂದೇನೂ ತಪ್ಪಿಲ್ಲ. ಅಂಕಿ ಸರಿಯಾಗೇ ಬಂದೈತಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವನು ನನ್ನನ್ನು ಸಮಾಧಾನ ಮಾಡಿದ. ಮಣ್ಣಲ್ಲಿ ಕೂತವಳ ಎದುರಿಗೆ ನನ್ನನ್ನು, ನನ್ನ ಕಾರ್ಡನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟ. ನಾನು ಆ ಕೈಯನ್ನು ಕೊಡವಿದೆ.

"ಪ್ರಿಂಟರ್ ಈಚೆ ಯಾಕಿಲ್ರಿ?" ಎಂದೆ. ಆ ಪ್ರಶ್ನೆ ಆಗ ಬಂತು. ಎರಡು ವಾರ ತಡವಾಗಿ.

"ಬಿಲ್ಲು ನನ್ನ ಕಣ್ಣ ಮುಂದ ಹೊಡೀಬೇಕು," ಎಂದ. ಚಾಚಾ ಅವರ ಕಡೆ ಗದ್ದ ಎತ್ತಿದ. "ಎಲ್ಲಾರ್ನೂ ನಂಬಾಕ ಆಗ್ತೈತೇನು?"

ಚಾಚಾ ಕೈಗಂಟಿದ ಅದಿರನ್ನು ಒರೆಸಿಕೊಳ್ಳುತ್ತಾ ನೆಲ ನೋಡಿದರು. ಇಷ್ಟೇ ವಿಷಯ. ಈ ಅಪನಂಬಿಕೆಗಾಗಿ ತೂಕಕ್ಕೂ ಬಿಲ್ಲಿಗೂ ನಡುವೆ ಒಂದು ರಸ್ತೆ, ಆ ರಸ್ತೆಗೊಬ್ಬ ಹೆಂಗಸು. ಆ ಹೆಂಗಸಿನ ಬದಲಿಗೆ ಎರಡು ಕಾರ್ಡು, ಆ ಕಾರ್ಡಿಗೆ ವೇಷ ಹಾಕಿದ ಒಂದು ಡ್ರೈವರ್, ಅದನ್ನು ಕೂರಿಸಲು ಪದವಿ ಓದಿದ ಒಬ್ಬ ಮೂರ್ಖ.

"ನಂಬಿಕಿ ಇಲ್ಲಂದ್ರ ನೀವ ಬಂದು ಇಲ್ಲಿ ಕುಂದರ್ರಿ," ಎಂದೆ.

"ಏಯ್, ನಿನ್ನ ಕರೆಸಿದ್ದು ಕಾರ್ಡ್ ಸರಿ ಮಾಡಾಕ. ನನಗ ವ್ಯವಹಾರ ಕಲಿಸಾಕಲ್ಲ."

ನಾನು ರಸ್ತೆ ದಾಟಿ ಅವನ ಆಫೀಸಿಗೆ ಹೋದೆ. ಪ್ರಿಂಟರಿನ ವೈರು ಕಿತ್ತು, ಅದನ್ನೆತ್ತಿ ಎದೆಗವಚಿಕೊಂಡೆ. ಹಿಂದೆಯೇ ಬಂದ ಅವನು ಬಾಗಿಲಿಗೆ ಅಡ್ಡ ನಿಂತ. "ಇಡು ಕೆಳಗ. ನಿಮ್ಮ ಅಂಗಡಿಗೆ ಫೋನ್ ಹಚ್ಚತೀನಿ ನೋಡು." ಹಚ್ಚಿ ಎಂದೆ. ಅಷ್ಟರಲ್ಲಿ ಲಾರಿಯವನು ಬಂದು ಬಿಲ್ಲಿನ ಕಾಗದದ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಅವನ ಗಾಡಿ ಕಟ್ಟೆಯ ಮೇಲೇ ಇತ್ತು, ಚಕ್ರಕ್ಕೆ ಹೆಂಟೆ ಕೊಟ್ಟುಕೊಂಡು. ಅದು ಇಳಿಯದೆ ಮುಂದಿನದು ಹತ್ತುವಂತಿಲ್ಲ. "ಇದು ಅಲ್ಲಿ ಇಟ್ಟಮೇಲೇ ನಾ ಗಾಡಿ ತಗೀತಾ," ಎಂದ. ಹಾರ್ನ್ ಹೊಡೆಯುತ್ತಿದ್ದ ಹಿಂದಿನವರು ಒಬ್ಬೊಬ್ಬರಾಗಿ ಇಳಿದು ಬಂದು, ನೆಲದ ಮೇಲಿನ ಹರಿದ ಸೀರೆ ನೋಡಿ ಆಫೀಸಿನ ಕಡೆ ತಿರುಗಿ ನಿಂತಿದ್ದರು. ಮಾಲೀಕ ಅವರನ್ನೆಲ್ಲ ನೋಡಿದ. ಬಾಗಿಲು ಬಿಟ್ಟ.

ಪ್ರಿಂಟರನ್ನು ಚಾಚಾ ಅವರ ಮೇಜಿನ ಮೇಲಿಟ್ಟು ಒಂದು ವೈರು ಸಿಕ್ಕಿಸಿದೆ. ಲಿನಕ್ಸ್ ಅದನ್ನು ತಕ್ಷಣ ಗುರುತಿಸಿತು, ಏನೂ ಇಳಿಸಿಕೊಳ್ಳಬೇಕಿರಲಿಲ್ಲ. ಮೊದಲ ಬಿಲ್ಲು ಕಿರ್ರೆಂದು ಹೊರಬಂತು. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾಲೀಕ ತನ್ನ ಕುರ್ಚಿ ತರಿಸಿಕೊಂಡು ಆ ಧೂಳಿನ ಕೋಣೆಯಲ್ಲಿ ಚಾಚಾ ಅವರ ಪಕ್ಕ ಕೂತ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಬೇಕಾಗಿದ್ದದ್ದು ಅವನ ಕುರ್ಚಿ ಇಷ್ಟು ದೂರ ಬರುವುದು ಮಾತ್ರ. ನಾನು ಎರಡೂ ಕಾರ್ಡ್ ಬಿಚ್ಚಿ ಚೀಲಕ್ಕೆ ಹಾಕಿದೆ. ಅಂಗಡಿಯಲ್ಲಿ ನನ್ನ ಕೆಲಸ ಹೋಯಿತು, ಅದು ಬೇರೆ ಮಾತು.

ಐದು ಗಂಟೆಗೆ ಅಕ್ಕನೂ ನಾನೂ ಒಟ್ಟಿಗೆ ಹೊರಟೆವು. ಅವಳ ಹಳ್ಳಿ ಸಿರುಗುಪ್ಪದ ದಾರಿಯಲ್ಲೇ. ಇಬ್ಬರಿಗೂ ಒಂದೇ ಬಸ್ಸು. ಬಸ್ಸು ನಿಲ್ಲುವುದು ಆಚೆ ಬದಿಗೆ. ರಸ್ತೆಯ ಅಂಚಿಗೆ ಬಂದು ನಿಂತೆವು. ಒಂದು ಲಾರಿ ಹೋಯಿತು, ಇನ್ನೊಂದು ಬರುವುದರೊಳಗೆ ಎಷ್ಟೋ ಜಾಗವಿತ್ತು. ಅವಳು ಕಾಲು ಕೀಳಲಿಲ್ಲ. ನಾನೂ ಕೀಳಲಿಲ್ಲ.

"ಇದನ್ನ ಮೊದ್ಲ ಯಾಕ ಮಾಡ್ಲಿಲ್ರಿ ಸರ?" ಎಂದಳು. ಸಿಟ್ಟಿನಿಂದಲ್ಲ. ತಿಳಿದುಕೊಳ್ಳಲೆಂಬಂತೆ.

ನನ್ನನ್ನು ಕೇಳಿದ್ದು ಕಾರ್ಡಿನ ಬಗ್ಗೆ ಮಾತ್ರ ಎಂದು ಹೇಳಬಹುದಿತ್ತು. ಆಚೆ ಬಸ್ಸು ಬಂದು ನಿಂತಿತು. ಕಂಡಕ್ಟರ್ ನಮ್ಮ ಕಡೆ ಕೈ ಬೀಸಿ ಕರೆದ, ಸೀಟಿ ಹೊಡೆದ. ಬಸ್ಸು ಹೋಯಿತು.

"ಹೋಗ್ಲಿ ಬಿಡ್ರಿ, ಇನ್ನೊಂದು ಐತಿ," ಎಂದಳು ಅಕ್ಕ, ಚಾಚಾ ಅವರ ಟವಲ್ಲನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಾ.

ಅದು ಬಂದಾಗಲೂ ನಾವು ಈಚೆಯೇ ನಿಂತಿದ್ದೆವು.